ವರ್ಷಕ್ಕೆ ಎರಡೂವರೆ ಲಕ್ಷ ಕೈಯಲ್ಲಿದೆ, ಊರಿಗೆ ಏನು ಮಾಡೋಣ? (ಜಗಳೂರು ಕಡೆ)

ಜಗಳೂರು_ಜೋಳ | ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಜಗಳೂರು ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ 1999ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು ನಾವು. 42 ಜನ ಸೇರಿ ತಿಂಗಳಿಗೆ ತಲಾ 500 ರೂಪಾಯಿ ಕೂಡಿಸುತ್ತಿದ್ದೇವೆ. ವರ್ಷಕ್ಕೆ 2,52,000 ಆಗುತ್ತದೆ. ಕೆಲವರು ಬೆಂಗಳೂರಿನಲ್ಲಿದ್ದಾರೆ, ಕೆಲವರು ದಾವಣಗೆರೆಯಲ್ಲಿ, ಇಬ್ಬರು ದುಬೈನಲ್ಲಿ.

ಹೋದ ವರ್ಷ 110 ಮಕ್ಕಳಿಗೆ ಬ್ಯಾಗು ಕೊಟ್ಟೆವು. ಶಾಮಿಯಾನ, ಹಾರ, ಫೋಟೊ, ಮಂಡಕ್ಕಿ ಮೆಣಸಿನಕಾಯಿ, ಎಲ್ಲ ಆಯಿತು. ದೀಪಾವಳಿಗೆ ಊರಿಗೆ ಹೋದಾಗ ನೋಡಿದರೆ ಅರ್ಧ ಬ್ಯಾಗುಗಳ ಜಿಪ್ ಕಿತ್ತು ಹೋಗಿತ್ತು. ಒಂದು ಬ್ಯಾಗಿನಲ್ಲಿ ನಮ್ಮ ದೊಡ್ಡಪ್ಪ ಬಿತ್ತನೆ ಶೇಂಗಾ ತುಂಬಿ ಗೂಟಕ್ಕೆ ನೇತು ಹಾಕಿದ್ದರು! ನಗು ಬಂತು, ಆಮೇಲೆ ಬೇಜಾರೂ ಆಯಿತು.

ಈ ಸಲ ಗುಂಪಿನಲ್ಲಿ ಮೂರು ಪಾರ್ಟಿ ಆಗಿವೆ. ಒಬ್ಬರಿಗೆ ಕಂಪ್ಯೂಟರ್ ಲ್ಯಾಬ್ ಬೇಕು. ಇನ್ನೊಬ್ಬರಿಗೆ ಆರೋಗ್ಯ ಶಿಬಿರ. ಮತ್ತೊಬ್ಬರು ಹೆಂಗಸರಿಗೆ ಹೊಲಿಗೆ ಮಷಿನ್ ಕೊಡೋಣ ಅನ್ನುತ್ತಾರೆ. ಇಂಥ ಕೆಲಸ ಮಾಡಿದವರು, ನೋಡಿದವರು ಯಾರಾದರೂ ಇದ್ದರೆ ಹೇಳಿ. ಬೈದರೂ ಪರವಾಗಿಲ್ಲ.

ಅನುಮಾನದ_ಗಿರಾಕಿ | 9:58

ಶಾಲೆ, ಆಸ್ಪತ್ರೆ, ಉದ್ಯೋಗ ಮೂರೂ ಸರ್ಕಾರದ ಕೆಲಸ ಅಲ್ವಾ? ನೀವು ತುಂಬಿದಷ್ಟೂ ಅವರು ಕೈ ಬಿಡುತ್ತಾರೆ. ಆ 500 ರೂಪಾಯಿಯಲ್ಲಿ ಮನೆಮಂದಿಗೆಲ್ಲ ಬೆಣ್ಣೆ ದೋಸೆ ಕೊಡಿಸಿ, ಪುಣ್ಯ ಬರುತ್ತದೆ.

ಹೊಳಲ್ಕೆರೆ_ಮೇಷ್ಟ್ರು | 10:25

ಸರ್ಕಾರದ ಕೆಲಸ ಅನ್ನುವುದು ನಿಜ. ಆದರೆ ನಮ್ಮ ಕಡೆ ಸರ್ಕಾರ ಬರುವ ಮೊದಲೇ ದಾನ ಬಂದ ಜಾಗಗಳೂ ಇವೆ. ದಾವಣಗೆರೆಯಲ್ಲಿ ಜಿಲ್ಲಾಸ್ಪತ್ರೆಯನ್ನು ಇವತ್ತಿಗೂ ಜನ ದಾನಿಗಳ ಹೆಸರಿನಿಂದ ಚಿಗಟೇರಿ ಆಸ್ಪತ್ರೆ ಅಂತಲೇ ಕರೆಯುತ್ತಾರೆ. ಸಿರಿಗೆರೆ ಮಠದ ಹಾಸ್ಟೆಲಿನಲ್ಲಿ ಉಳಿದು ಓದಿದ ಹಳ್ಳಿ ಮಕ್ಕಳು ಎಷ್ಟು ಜನ ಮೇಷ್ಟ್ರು, ಇಂಜಿನಿಯರ್ ಆಗಿಲ್ಲ? ನಾನೂ ಒಬ್ಬ. ಜಗಳೂರಿನ 57 ಕೆರೆಗಳಿಗೆ ತುಂಗಭದ್ರೆ ನೀರು ಹರಿಸುವ ಯೋಜನೆಗೆ ದುಡ್ಡು ಸರ್ಕಾರದ್ದು, ಆದರೆ ಬೆನ್ನು ಹತ್ತಿದ್ದು ಅದೇ ಮಠ. ಅನುಮಾನದವರೇ, ಇದನ್ನು ಕೈ ಬಿಡಿಸುವುದು ಅನ್ನುತ್ತೀರೋ, ಕೈ ಹಿಡಿದು ಎಳೆಯುವುದು ಅನ್ನುತ್ತೀರೋ?

ಈಗ ಜೋಳದವರ ಪ್ರಶ್ನೆಗೆ ಬರುತ್ತೇನೆ. 31 ವರ್ಷ ಪಾಠ ಮಾಡಿದ್ದೇನೆ. ಒಂದು ಶಾಲೆಗೆ ದಾನಿಗಳು 10 ಕಂಪ್ಯೂಟರ್ ಕೊಟ್ಟರು. ಯುಪಿಎಸ್ ಬ್ಯಾಟರಿ ಎರಡು ವರ್ಷಕ್ಕೆ ಸತ್ತಿತು. ಹೊಸ ಬ್ಯಾಟರಿಗೆ ಯಾರೂ ದುಡ್ಡು ಕೊಡಲಿಲ್ಲ, ಯಾಕೆಂದರೆ ಬ್ಯಾಟರಿ ಮೇಲೆ ಹೆಸರು ಬರೆಸಲು ಆಗುವುದಿಲ್ಲ. ರೂಮಿಗೆ ಬೀಗ ಬಿತ್ತು.

ನನ್ನ ಅನುಭವದಲ್ಲಿ ಬಡ ಮಕ್ಕಳಿಗೆ ನಿಜವಾಗಿ ದುಡ್ಡು ತಂದುಕೊಟ್ಟಿದ್ದು ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ಪಿನ ಎನ್‌ಎಂಎಂಎಸ್ ಪರೀಕ್ಷೆ. ಎಂಟನೇ ಕ್ಲಾಸಿನ ಸರ್ಕಾರಿ, ಅನುದಾನಿತ ಶಾಲೆ ಮಕ್ಕಳು ಬರೆಯಬಹುದು. ಏಳನೇ ಕ್ಲಾಸಿನಲ್ಲಿ ಶೇ 55 ಬಂದಿರಬೇಕು, ಪರಿಶಿಷ್ಟ ಮಕ್ಕಳಿಗೆ ಶೇ 50 ಸಾಕು. ಮನೆಯ ಆದಾಯ ವರ್ಷಕ್ಕೆ ಮೂರೂವರೆ ಲಕ್ಷದೊಳಗೆ ಇರಬೇಕು. ಪಾಸಾಗಿ ಪಟ್ಟಿಯಲ್ಲಿ ಬಂದರೆ 9ರಿಂದ 12ನೇ ಕ್ಲಾಸಿನವರೆಗೆ ವರ್ಷಕ್ಕೆ 12,000 ರೂಪಾಯಿ. ಒಂದು ಮಗುವಿಗೆ 48,000. ಎರಡು ಪೇಪರ್ ಇರುತ್ತವೆ, ಒಂದು ಲೆಕ್ಕ–ವಿಜ್ಞಾನ–ಸಮಾಜದ್ದು, ಇನ್ನೊಂದು ಬುದ್ಧಿಶಕ್ತಿಯದ್ದು. ಆ ಬುದ್ಧಿಶಕ್ತಿ ಪೇಪರಿನಲ್ಲೇ ನಮ್ಮ ಮಕ್ಕಳು ಮುಗ್ಗರಿಸುತ್ತಾರೆ. ದಡ್ಡರು ಅಂತಲ್ಲ, ಅಂಥ ಪ್ರಶ್ನೆಯನ್ನೇ ಅವರು ನೋಡಿರುವುದಿಲ್ಲ. ಜುಲೈನಿಂದ ವಾರಕ್ಕೆ ಮೂರು ಸಂಜೆ ಯಾರಾದರೂ ಕೂತು ಹೇಳಿಕೊಟ್ಟರೆ ಸಾಕು. ನಿಮ್ಮ ಎರಡೂವರೆ ಲಕ್ಷದಲ್ಲಿ ಹತ್ತು ಮಕ್ಕಳನ್ನು ದಾಟಿಸಿದರೆ ಊರಿಗೆ ನಾಲ್ಕು ವರ್ಷದಲ್ಲಿ 4,80,000 ಬರುತ್ತದೆ. ಬ್ಯಾಗು ಅವರೇ ಕೊಳ್ಳುತ್ತಾರೆ.

ಜಗಳೂರು_ಜೋಳ | 10:41

ಮೇಷ್ಟ್ರೇ, ಇದು ನಮಗೆ ಹೊಳೆದೇ ಇರಲಿಲ್ಲ. ಆದರೆ ಕೂತು ಹೇಳಿಕೊಡುವವರು ಯಾರು? ನಾವೆಲ್ಲ ಊರು ಬಿಟ್ಟವರು.

ಆಶಾ_ಅಕ್ಕ_ಚಳ್ಳಕೆರೆ | ಸೋಮವಾರ ಬೆಳಿಗ್ಗೆ 6:15

ನಾನು ಆಶಾ ಕಾರ್ಯಕರ್ತೆ, ಕೆಲಸಕ್ಕೆ ಹೊರಡುವ ಮುಂಚೆ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ದಯವಿಟ್ಟು ಒಂದು ದಿನದ ಶಿಬಿರ ಮಾಡಬೇಡಿ. ಬರುತ್ತಾರೆ, ಬಿಪಿ ನೋಡುತ್ತಾರೆ, ಐದು ದಿನದ ಮಾತ್ರೆ ಕೊಡುತ್ತಾರೆ, ಬಾಳೆಹಣ್ಣು ಹಂಚಿ ಹೋಗುತ್ತಾರೆ. ಬಿಪಿ ಏನು ಐದು ದಿನದ ಕಾಯಿಲೆಯಾ? ಆರನೇ ದಿನ ಅಜ್ಜಿ ನನ್ನ ಮನೆ ಬಾಗಿಲಿಗೆ ಬಂದು 'ಆ ಬಿಳಿ ಮಾತ್ರೆ ಇದ್ರೆ ಕೊಡವ್ವ' ಅನ್ನುತ್ತಾಳೆ. ಯಾವ ಮಾತ್ರೆ, ಯಾರು ಬರೆದರು, ಒಂದು ಚೀಟಿಯೂ ಇರುವುದಿಲ್ಲ. ಬಿಪಿ, ಶುಗರ್ ಮಾತ್ರೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಬಿಟ್ಟಿ ಸಿಗುತ್ತವೆ. ಶಿಬಿರ ಮಾಡಲೇಬೇಕು ಅಂದರೆ ಹೆಸರಿನ ಪಟ್ಟಿಯನ್ನು ನಮ್ಮ ಕೈಗೆ ಕೊಟ್ಟು ಹೋಗಿ.

ಹೆಣ್ಣುಮಕ್ಕಳ ರಕ್ತಹೀನತೆ ಬೇರೆಯೇ ಕಥೆ. ಹಿಮೋಗ್ಲೋಬಿನ್ 12 ಇರಬೇಕಾದ ಕಡೆ 8, 9. ಕಬ್ಬಿಣದ ಮಾತ್ರೆ ಕೊಡುತ್ತೇವೆ. ವಾಕರಿಕೆ ಬರುತ್ತದೆ, ಮಲ ಕಪ್ಪಗಾಗುತ್ತದೆ, ಹೆದರಿ ತಿಪ್ಪೆಗೆ ಎಸೆಯುತ್ತಾರೆ. ಕೆಲವರು ಚಹಾ ಜೊತೆ ನುಂಗುತ್ತಾರೆ, ಆಗ ಮೈಗೆ ಸರಿಯಾಗಿ ಹತ್ತುವುದಿಲ್ಲ. ಊಟ ಆದ ಮೇಲೆ ನಿಂಬೆಹಣ್ಣಿನ ಶರಬತ್ತಿನ ಜೊತೆ ತಗೋ, ಕಪ್ಪಗಾದರೆ ಹೆದರಬೇಡ ಅಂತ ಪಕ್ಕದಲ್ಲಿ ಕೂತು ಹೇಳುವವರು ಬೇಕು. ಮಾತ್ರೆಗೆ ಕೊರತೆ ಇಲ್ಲ, ಹೇಳುವ ಬಾಯಿಗೆ ಕೊರತೆ. ನಾನೊಬ್ಬಳು ಸಾವಿರ ಜನರ ಮನೆ ತಿರುಗಬೇಕು.

ಇನ್ನೊಂದು ಹೇಳಿ ಓಡುತ್ತೇನೆ. ನಮ್ಮ ಕಡೆ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರು, ಬಾಣಂತಿಯರು ಹಟ್ಟಿ ಹೊರಗೆ ಇರುವ ಪದ್ಧತಿ ಇನ್ನೂ ಇದೆ. ಎಷ್ಟು ಜನ ಸಾಹೇಬರು ಬಂದು ಭಾಷಣ ಮಾಡಿ ಹೋದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಹಟ್ಟಿಯಲ್ಲಿ ಅದೇ ಹಟ್ಟಿಯ ಹುಡುಗಿ ನರ್ಸಿಂಗ್ ಓದಿ ಬಂದಳು. ಅವಳು ತನ್ನ ಅತ್ತಿಗೆಯ ಬಾಣಂತನವನ್ನು ಮನೆ ಒಳಗೇ ಮಾಡಿಸಿದಳು. ಮಾರನೇ ವರ್ಷ ಇನ್ನಿಬ್ಬರು. ಅಷ್ಟೇ. ಯಾರೂ ಬೋರ್ಡ್ ಹಾಕಲಿಲ್ಲ.

ಭಟ್ಟಿ_ಪಕ್ಕದ_ಮನೆ | 8:02

ಆಶಾ ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಏರಿಯಾದವನು. ನೀವು ಸಂಜೆ ಮಿರ್ಚಿ ಜೊತೆ ತಿನ್ನುವ ಮಂಡಕ್ಕಿ ಇಲ್ಲಿ ನಸುಕಿಗೇ ಶುರುವಾಗುತ್ತದೆ. ಕಾದ ಮರಳು, ಹೊಗೆ, ಬೆವರು. ಮೊದಲೆಲ್ಲ ಹಳೇ ಟೈರ್ ಸುಡುತ್ತಿದ್ದರು, ಬೆಳಿಗ್ಗೆ ಮುಖ ಒರೆಸಿದರೆ ಟವೆಲ್ ಕಪ್ಪು. ನಾನೂ ಆರನೇ ಕ್ಲಾಸಿನಲ್ಲಿ ಒಂದು ವರ್ಷ ಮಂಡಕ್ಕಿ ಚೀಲ ತುಂಬಿದ್ದೇನೆ.

ನನ್ನನ್ನು ಶಾಲೆಗೆ ವಾಪಸ್ ಕಳಿಸಿದ್ದು ಒಂದು ಚಿಕ್ಕ ಸಂಸ್ಥೆಯ ಮೇಡಂ. ಅವರು ನಮಗೆ ಏನೂ ಕೊಡಲಿಲ್ಲ, ಸತ್ಯವಾಗಿಯೂ. ದಿನಾ ಸಂಜೆ ಬಂದು ಅಮ್ಮನ ಪಕ್ಕ ಕೂತು ಚಹಾ ಕುಡಿಯುತ್ತಿದ್ದರು. ಅಪ್ಪನಿಗೆ ಕೆಮ್ಮು. ಟಿಬಿ ಇರಬಹುದು ಅಂತ ಕಫ ಪರೀಕ್ಷೆಗೆ ಕರೆದುಕೊಂಡು ಹೋದವರು ಅವರೇ. ಆರು ತಿಂಗಳು ಮಾತ್ರೆ ತಪ್ಪದ ಹಾಗೆ ನೋಡಿಕೊಂಡರು. ಅಪ್ಪ ಕೆಲಸಕ್ಕೆ ಹೋದ, ನಾನು ಶಾಲೆಗೆ ಹೋದೆ. ಇದನ್ನು ಶಿಕ್ಷಣದ ಲೆಕ್ಕಕ್ಕೆ ಹಾಕುತ್ತೀರೋ, ಆರೋಗ್ಯದ್ದಕ್ಕೋ, ಆದಾಯದ್ದಕ್ಕೋ? ನಿಮ್ಮ ಮೂರು ಪಾರ್ಟಿಯವರನ್ನು ಕೇಳಿ ಹೇಳಿ.

ಅಂದಹಾಗೆ 2022ರಿಂದ ನಿಕ್ಷಯ್ ಮಿತ್ರ ಅಂತ ಸರ್ಕಾರದ್ದೊಂದು ಯೋಜನೆ ಇದೆ. ಯಾರು ಬೇಕಾದರೂ ಟಿಬಿ ರೋಗಿಗೆ ತಿಂಗಳ ಆಹಾರದ ಕಿಟ್ ಕೊಡಲು ಹೆಸರು ಬರೆಸಬಹುದು. ಬೇಳೆ, ಶೇಂಗಾ, ಎಣ್ಣೆ, ಕಾಳು. ಸಣ್ಣ ಗುಂಪಿಗೆ ಕೈಗೆಟುಕುವ ಕೆಲಸ.

ಅನುಮಾನದ_ಗಿರಾಕಿ | 8:30

ಸರಿ, ಆ ಮೇಡಂಗೆ ಸಂಬಳ ಕೊಟ್ಟವರು ಯಾರು?

ಭಟ್ಟಿ_ಪಕ್ಕದ_ಮನೆ | 8:34

ಅದೇ ಗೋಳು. ಮೂರು ವರ್ಷದ ಪ್ರಾಜೆಕ್ಟ್ ಮುಗಿಯಿತು, ಮೇಡಂ ಹೋದರು. ನನ್ನ ತಮ್ಮ ಒಂಬತ್ತಕ್ಕೆ ಓದು ಬಿಟ್ಟ.

ಸಂಘದ_ಅಕ್ಕ_ಹರಿಹರ | ಮಧ್ಯಾಹ್ನ 1:10

ಹೊಲಿಗೆ ಮಷಿನ್ ವಿಚಾರಕ್ಕೆ ಬಂದೆ. ನಮ್ಮ ಊರಿನಲ್ಲಿ ಮೂರು ಕಡೆಯಿಂದ ದಾನ ಬಂದು ಒಟ್ಟು 26 ಮಷಿನ್ ಇವೆ. ಇರುವುದು 300 ಮನೆ. ಯಾರ ಜಾಕೀಟು ಯಾರು ಹೊಲಿಯಬೇಕು? ಎಲ್ಲರೂ ಸಂತೆಯಲ್ಲಿ ರೆಡಿಮೇಡ್ ತರುತ್ತಾರೆ. ಮಷಿನ್ ಮೇಲೆ ಟಿವಿ ಕೂತಿದೆ.

ಸ್ವಸಹಾಯ ಸಂಘ ಅನ್ನುವುದು ಬೇರೆ. 10–20 ಜನ ಸೇರಿ, ವಾರಕ್ಕೆ ಇಷ್ಟು ಅಂತ ಉಳಿಸಿ, ನಮ್ಮೊಳಗೇ ಸಾಲ ಕೊಟ್ಟುಕೊಳ್ಳುವುದು. ಈ ದಾರಿ ತೋರಿಸಿದವರಲ್ಲಿ ನಮ್ಮ ಕರ್ನಾಟಕದ ಮೈರಾಡ ಸಂಸ್ಥೆಯೇ ಮುಂಚಿನದು. 1992ರಲ್ಲಿ ನಬಾರ್ಡ್ ಸಂಘಗಳನ್ನು ಬ್ಯಾಂಕಿಗೆ ಜೋಡಿಸಿತು. ನಮ್ಮ ಸಂಘಕ್ಕೆ 14 ವರ್ಷ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ. ಮನೆ ಬಾಗಿಲಿಗೆ ಬಂದು ಸಾಲ ಕೊಡುವ ಕಂಪನಿಗಳದ್ದು ಅದರ ಎರಡರಷ್ಟು, ಕಂತು ತಪ್ಪಿದರೆ ಬೀದಿಯಲ್ಲಿ ಮಾನ ಹರಾಜು. 2025ರಲ್ಲಿ ಸರ್ಕಾರ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದ ಮೇಲೆ ದನಿ ಸ್ವಲ್ಪ ತಗ್ಗಿದೆ.

ನಮ್ಮ ಸಂಘದ ಪುಸ್ತಕ ತೆಗೆದು ನೋಡಿದೆ, ಹೋದ ವರ್ಷ ಯಾರು ಯಾಕೆ ಸಾಲ ತಗೊಂಡರು ಅಂತ. ಎಮ್ಮೆಗೆ ನಾಲ್ಕು, ಅಂಗಡಿಗೆ ಎರಡು. ಆಸ್ಪತ್ರೆಗೆ ಒಂಬತ್ತು, ಕಾಲೇಜು ಫೀಸಿಗೆ ಏಳು! ಆಯುಷ್ಮಾನ್ ಕಾರ್ಡ್ ಇದ್ದೂ ಆಸ್ಪತ್ರೆಗೆ ಸಾಲ ಮಾಡಿದವರಿದ್ದಾರೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಬರೆಸಿಕೊಂಡು ಹೋಗಬೇಕಿತ್ತಂತೆ, ಯಾರೂ ಹೇಳಲಿಲ್ಲ. ಸ್ಕಾಲರ್‌ಶಿಪ್ ಬಂದಿದ್ದರೆ ಫೀಸಿಗೆ ಸಾಲ ಬೇಕಿರಲಿಲ್ಲ. ನೀವು ಆದಾಯ ಹೆಚ್ಚಿಸುತ್ತೇವೆ ಅಂತ ಬರುತ್ತೀರಿ. ಮೊದಲು ಸೋರುವುದನ್ನು ನಿಲ್ಲಿಸಿ ಸ್ವಾಮಿ.

ಕಂಬಳಿ_ಮನೆ | 3:45

ಸಂಘದ ಅಕ್ಕನಿಗೆ ಒಂದು ನಮಸ್ಕಾರ. ನಮ್ಮದು ಚಳ್ಳಕೆರೆ ಕಡೆ ಕಂಬಳಿ ನೇಯುವ ಮನೆ. ಹೊಸ ಕೆಲಸ ಕಲಿಯಬೇಕು ಅನ್ನುವ ಹುಡುಗರಿಗೆ ನೀವು ಬೇರೆ ತರಬೇತಿ ಶುರು ಮಾಡುವುದು ಬೇಡ. ಚಿತ್ರದುರ್ಗದಲ್ಲೇ ಸ್ವಉದ್ಯೋಗ ತರಬೇತಿ ಕೊಡುವ ರುಡ್‌ಸೆಟಿ ಇದೆ. ಮೂಲ ಸಂಸ್ಥೆ 1982ರಲ್ಲಿ ಉಜಿರೆಯಲ್ಲಿ ಶುರುವಾದದ್ದು, ಧರ್ಮಸ್ಥಳದವರು ಮತ್ತು ಎರಡು ಬ್ಯಾಂಕ್ ಸೇರಿ. ಊಟ, ವಸತಿ ಎಲ್ಲ ಉಚಿತ. ನಮ್ಮ ತಮ್ಮ ಮೊಬೈಲ್ ರಿಪೇರಿ ಕಲಿತದ್ದು ಅಲ್ಲೇ. ಎಲ್ಲ ಜಿಲ್ಲೆಯಲ್ಲೂ ಈಗ ಇಂಥದ್ದು ಇದೆ. ನಿಮ್ಮ ಊರಿನಿಂದ ಯಾರೂ ಹೋಗುವುದಿಲ್ಲ ಅಂದರೆ ಅವರಿಗೆ ಗೊತ್ತಿಲ್ಲ, ಇಲ್ಲವೇ ಒಬ್ಬರೇ ಹೋಗಲು ಹಿಂಜರಿಕೆ. ಮೊದಲ ದಿನ ಜೊತೆಗೆ ಹೋಗಿ ಬಿಟ್ಟು ಬನ್ನಿ.

ಇನ್ನು ಆದಾಯದ ಬಗ್ಗೆ ನನ್ನದೊಂದು ಹುಚ್ಚು ಸಲಹೆ: ಕನ್ನಡಕ. ನಗಬೇಡಿ. ನಮ್ಮಪ್ಪ 45ಕ್ಕೆ ನೂಲು ಕಾಣುವುದಿಲ್ಲ ಅಂತ ಮಗ್ಗದಿಂದ ಎದ್ದರು. ಕಣ್ಣು ಹೋಯಿತು ಅಂದುಕೊಂಡಿದ್ದೆವು. ವಯಸ್ಸಿಗೆ ಹತ್ತಿರದ್ದು ಮಂಜಾಗುವ ಚಾಳೀಸು, ಅಷ್ಟೇ! ನೂರು ರೂಪಾಯಿ ಕನ್ನಡಕಕ್ಕೆ ಆರು ವರ್ಷ ಕೂಲಿ ಕಳೆದುಕೊಂಡರು. ಅಸ್ಸಾಮಿನ ಚಹಾ ತೋಟದಲ್ಲಿ 40 ದಾಟಿದ ಕೆಲಸಗಾರರಿಗೆ ಹತ್ತಿರದ ಕನ್ನಡಕ ಕೊಟ್ಟು ಎಲೆ ತೂಕ ಮಾಡಿ ನೋಡಿದ ಅಧ್ಯಯನ 2018ರಲ್ಲಿ ಬಂತು. ಕನ್ನಡಕ ಸಿಕ್ಕವರ ಕೆಲಸ ಸಿಗದವರಿಗಿಂತ ಸುಮಾರು ಶೇ 22 ಜಾಸ್ತಿ ಆಗಿತ್ತು. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವವರು, ಬೀಡಿ ಕಟ್ಟುವವರು, ಅಕ್ಕಿ ಆರಿಸುವ ಅಜ್ಜಿ, ಎಲ್ಲರಿಗೂ ಇದು ಬೇಕು.

ಹಿರಿಯೂರು_ಹೈದ | 5:20

ನೀರಿನ ಮಾತೇ ಯಾರೂ ಎತ್ತಲಿಲ್ಲವಲ್ಲ? ಚಿತ್ರದುರ್ಗದಿಂದ ಜಗಳೂರು, ಮೊಳಕಾಲ್ಮೂರಿನವರೆಗೆ ಎಷ್ಟೋ ಬೋರ್‌ವೆಲ್ಲುಗಳಲ್ಲಿ ಫ್ಲೋರೈಡ್. ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಜಾಸ್ತಿ ಇದ್ದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಗೆರೆ, ದೊಡ್ಡವರಿಗೆ ಬೆನ್ನು ಬಗ್ಗದು, ಮಂಡಿ ಮಡಚದು. ಕಾಸಿ ಕುಡಿದರೆ ಸರಿಹೋಗುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಹೋಗುವುದಿಲ್ಲ. ನೀರು ಆವಿಯಾದಷ್ಟೂ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತದೆ.

2022ರಲ್ಲಿ ನಮ್ಮ ವಾಣಿವಿಲಾಸ ಸಾಗರ 1933ರ ಬಳಿಕ ಮೊದಲ ಸಲ ಕೋಡಿ ಬಿದ್ದಾಗ ಊರೆಲ್ಲ ಕುಣಿದೆವು. ಆದರೆ ಡ್ಯಾಮಿನ ನೀರು ಸಿಗದ ಹಳ್ಳಿಗಳಲ್ಲಿ ಇನ್ನೂ ಐದು ರೂಪಾಯಿ ನಾಣ್ಯದ ಶುದ್ಧ ನೀರಿನ ಘಟಕವೇ ಗತಿ. ದಾನದ ಘಟಕ ನಮ್ಮ ಅಜ್ಜಿ ಊರಿನಲ್ಲೂ ಇದೆ. ನೀರು ಸೋಸುವ ಮೆಂಬ್ರೇನ್ ಬದಲಿಸಲು ಯಾರೂ ಇಲ್ಲದೆ ಕೆಟ್ಟು ನಿಂತಿದೆ. ದಾನಿಯ ಅಮೃತಶಿಲೆ ಫಲಕ ಮಾತ್ರ ಫಳಫಳ.

ಲೆಕ್ಕದ_ಮನುಷ್ಯ | ರಾತ್ರಿ 8:50

ಬೇಜಾರಿನ ವಿಷಯ ನಾನು ಹೇಳಿಬಿಡುತ್ತೇನೆ. ಈಗಲೇ ಟ್ರಸ್ಟ್ ಮಾಡಲು ಓಡಬೇಡಿ. ವರ್ಷಾ ವರ್ಷ ಆಡಿಟ್, ರಿಟರ್ನ್, ಜೊತೆಗೆ ತೆರಿಗೆ ವಿನಾಯಿತಿಯ ನೋಂದಣಿ ಅಂತ ನಿಮ್ಮ ದುಡ್ಡಿನ ಒಂದು ಪಾಲು ನಮ್ಮಂಥವರ ಜೇಬಿಗೇ ಬರುತ್ತದೆ. ಶಾಲೆಗೆ ಕೊಡುವುದನ್ನು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಖಾತೆಗೆ ಹಾಕಿ ರಸೀದಿ ತಗೊಳ್ಳಿ. ಮುಂದೆ ಸಂಘ ಅಂತ ನೋಂದಾಯಿಸಿದರೆ ಕನಿಷ್ಠ 7 ಜನ ಬೇಕು. ದಾನಕ್ಕೆ ತೆರಿಗೆ ವಿನಾಯಿತಿ ಸಿಗುವ ಆಸೆಗೆ ಬಂದ ಗೆಳೆಯರಿಗೆ ಹೇಳಿ, 2,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿ ಇದ್ದವರಿಗೂ ಇಲ್ಲ. ಕಂಪನಿಗಳು ಸಮಾಜಸೇವೆಗೆ ಕೊಡುವ ಸಿಎಸ್‌ಆರ್ ದುಡ್ಡು ಬೇಕೆಂದರೆ 3 ವರ್ಷ ಕೆಲಸ ಮಾಡಿದ ದಾಖಲೆ ಕೇಳುತ್ತಾರೆ. ಅದು ಆಮೇಲಿನ ಮಾತು.

ಜಗಳೂರು_ಜೋಳ | 10:05

ಎಲ್ಲ ಎರಡು ಸಲ ಓದಿದೆ. ಮೇಷ್ಟ್ರು, ಆಶಾ ಅಕ್ಕ, ಭಟ್ಟಿಯವರು, ಸಂಘದ ಅಕ್ಕ, ಎಲ್ಲರೂ ಸುತ್ತಿ ಬಳಸಿ ಒಂದೇ ಹೇಳುತ್ತಿದ್ದೀರಿ ಅನ್ನಿಸಿತು. ಸಾಮಾನು ಬೇಡ, ಆಳು ಬೇಕು. ಊರಿನಲ್ಲೇ ಇರುವ, ಓದಿದ, ನಾಲ್ಕು ಮನೆಗೆ ಹೋಗಿ ಬರುವ ಒಬ್ಬರು.

ಗುಂಪಿನಲ್ಲಿ ಹಾಕಿದೆ. ಬೆಂಕಿ ಬಿತ್ತು. 'ನಮ್ಮ ದುಡ್ಡು ಮಕ್ಕಳಿಗೆ ಹೋಗಬೇಕು, ಯಾರದೋ ಸಂಬಳಕ್ಕಲ್ಲ' ಅಂತ 15 ಜನ.

ಅನುಮಾನದ_ಗಿರಾಕಿ | 10:12

ಅವರು ಹೇಳುವುದರಲ್ಲೂ ತಪ್ಪಿಲ್ಲ ರೀ. ಬ್ಯಾಗಾದರೆ ಎಣಿಸಬಹುದು. ಆಳು ಏನು ಮಾಡಿದ ಅಂತ ಹೇಗೆ ಎಣಿಸುತ್ತೀರಿ?

ಹೊಳಲ್ಕೆರೆ_ಮೇಷ್ಟ್ರು | 10:30

ಎಣಿಸಬಹುದು. ಎಷ್ಟು ಮಕ್ಕಳು ಎನ್‌ಎಂಎಂಎಸ್ ಬರೆದರು, ಎಷ್ಟು ಸ್ಕಾಲರ್‌ಶಿಪ್ ಖಾತೆಗೆ ಬಿತ್ತು, ಯಾರು ಶಾಲೆ ಬಿಟ್ಟರು, ಯಾರು ವಾಪಸ್ ಬಂದರು. ಒಂದು ನೋಟ್‌ಬುಕ್ ಸಾಕು. ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯ ಅರ್ಜಿಯೊಂದೇ ಸಾಕು ಒಬ್ಬರ ಕೈ ತುಂಬಲು. ಜಾತಿ–ಆದಾಯ ಪತ್ರಕ್ಕೆ ನಾಡಕಚೇರಿ, ಆಧಾರಿನಲ್ಲಿ ಅಪ್ಪನ ಹೆಸರು ಒಂದು, ಟಿಸಿಯಲ್ಲಿ ಇನ್ನೊಂದು. ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ. ಕೂಲಿ ಬಿಟ್ಟು ಮೂರು ಸಲ ಅಲೆದ ತಾಯಿ ನಾಲ್ಕನೇ ಸಲ ಹೋಗುವುದಿಲ್ಲ. ಮಗಳಿಗೆ 'ಸಾಕು ಬಿಡವ್ವ' ಅನ್ನುತ್ತಾಳೆ. ಓದು ನಿಲ್ಲುವುದು ಹಾಗೆ.

ಇನ್ನೊಂದು. ಶಕ್ತಿ ಯೋಜನೆ 2023ರಲ್ಲಿ ಬಂತು, ಹೆಂಗಸರಿಗೆ ಬಸ್ ಟಿಕೆಟ್ ಹೋಯಿತು, ಒಳ್ಳೆಯದು. ಆದರೆ ಎಷ್ಟೋ ಹಳ್ಳಿಗೆ ಶಕ್ತಿ ಬಂತು, ಬಸ್ಸು ಬರಲಿಲ್ಲ. ಬೆಳಿಗ್ಗೆ ಎಂಟೂವರೆಗೆ ಒಂದು ಬಸ್ ಬಿಡಿ ಅಂತ ಡಿಪೋಗೆ ಅರ್ಜಿ ಕೊಡುವುದಕ್ಕೂ ಒಬ್ಬರು ಬೇಕಲ್ಲ.

ಜಗಳೂರು_ಜೋಳ | ಐದು ತಿಂಗಳ ಬಳಿಕ

ಬೇಗ ತಿಳಿಸಬೇಕಿತ್ತು, ಕ್ಷಮಿಸಿ.

ಪಕ್ಕದ ಊರಿನ ಬಿಎ, ಬಿಎಡ್ ಮಾಡಿದ ಹೆಣ್ಣುಮಗಳೊಬ್ಬರು ಸಿಕ್ಕರು. ಸಂಜೆ ನಾಲ್ಕೂವರೆಯಿಂದ ಏಳು, ತಿಂಗಳಿಗೆ 10,000. ಎರಡು ವರ್ಷ ನಿಲ್ಲಿಸುವುದಿಲ್ಲ ಅಂತ ಮಾತು ಕೊಟ್ಟಿದ್ದೇವೆ. ಫೋಟೊ ಇಲ್ಲದ ದಾನ ನಮಗೆ ಬೇಡ ಅಂತ 6 ಜನ ಗುಂಪು ಬಿಟ್ಟರು. ಈಗ ವರ್ಷಕ್ಕೆ 2,16,000. ನಡೆಯುತ್ತದೆ.

ಎನ್‌ಎಂಎಂಎಸ್‌ಗೆ 11 ಮಕ್ಕಳು ಕೂತಿದ್ದಾರೆ. 14 ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ಸರಿಯಾಯಿತು. ಅದರಲ್ಲಿ ಮೂವರದ್ದು ಬರೀ ಆಧಾರ್ ಜೋಡಣೆ ತೊಂದರೆ, ಬ್ಯಾಂಕಿನಲ್ಲಿ ಹತ್ತು ನಿಮಿಷದ ಕೆಲಸ. ಒಂಬತ್ತನೇ ಕ್ಲಾಸು ಬಿಟ್ಟಿದ್ದ ಒಬ್ಬಳು ವಾಪಸ್ ಬಂದಳು. ಅವಳ ಅಮ್ಮನಿಗೆ ಸುಸ್ತು ಅಂತ ಮನೆಗೆಲಸಕ್ಕೆ ಉಳಿದಿದ್ದಳು. ಹಿಮೋಗ್ಲೋಬಿನ್ 7.8 ಇತ್ತು. ಆಶಾ ಅಕ್ಕ, ನಿಂಬೆಹಣ್ಣಿನ ಶರಬತ್ತು ನಡೆಯುತ್ತಿದೆ.

ಆಗದೇ ಇದ್ದದ್ದೂ ಹೇಳಬೇಕು. ಇಬ್ಬರು ಹುಡುಗರು ಬೋರ್‌ವೆಲ್ ಲಾರಿ ಹತ್ತಿ ಹೋದರು. ಮನೆಗೆ ನಾಲ್ಕು ಸಲ ಹೋದರೂ ತಡೆಯಲಾಗಲಿಲ್ಲ. ಮುಂಗಡ ತಗೊಂಡು ಆಗಿತ್ತು. ಬಸ್ಸಿನ ಅರ್ಜಿಗೆ ಇನ್ನೂ ಉತ್ತರ ಇಲ್ಲ.

ಕನ್ನಡಕ ಮಾಡಿದೆವು! ಆರೋಗ್ಯ ಕೇಂದ್ರಕ್ಕೆ ಕಣ್ಣು ನೋಡುವವರು ಬರುವ ದಿನ ಹೊಂದಿಸಿ 40 ದಾಟಿದವರನ್ನು ಕರೆದೆವು. ದಾವಣಗೆರೆಯಲ್ಲಿ ಹೋಲ್‌ಸೇಲಿಗೆ ಒಂದಕ್ಕೆ 90 ರೂಪಾಯಿ. 35 ತಂದದ್ದು ಒಂದೇ ದಿನಕ್ಕೆ ಖಾಲಿ. ಆರು ಜನರಿಗೆ ಪೊರೆ ಅಂತ ಗೊತ್ತಾಗಿ ಬರೆಸಿಕೊಟ್ಟರು. ನಮ್ಮ ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಮೊದಲು ಮಾಡಿದ್ದು ಬ್ಯಾಗಿನ ಶೇಂಗಾ ಸುರಿದು ಹುಳುಕು ಆರಿಸಿದ್ದು.

ಅನುಮಾನದ_ಗಿರಾಕಿ | ಅದೇ ದಿನ

ಬಿಟ್ಟು ಹೋದ ಆರು ಜನರಲ್ಲಿ ಒಬ್ಬರ ಜಾಗಕ್ಕೆ ನನ್ನನ್ನು ಸೇರಿಸಿಕೊಳ್ಳಿ. ನೋಟ್‌ಬುಕ್ ಮಾತ್ರ ಮೂರು ತಿಂಗಳಿಗೊಮ್ಮೆ ತೋರಿಸಬೇಕು.

ಕಂಬಳಿ_ಮನೆ | ಅದೇ ದಿನ

ಜೋಳದಣ್ಣ, ಮುಂದಿನ ಸಲ ತರುವಾಗ ಪ್ಲಸ್ 2 ಪವರಿನ ಕನ್ನಡಕ ಎರಡು ಜಾಸ್ತಿ ತನ್ನಿ, ದುಡ್ಡು ನಾನು ಕೊಡುತ್ತೇನೆ. ನಮ್ಮಪ್ಪ ಹಳೆಯದರ ಮೇಲೆ ಕೂತು ಮುರಿದರು. ಶನಿವಾರ ಜಗಳೂರು ಬಸ್‌ಸ್ಟ್ಯಾಂಡಿಗೆ ಬರುತ್ತೇನೆ.